‘ನೋಕ್ಕಾಂ’ ಅಂದದ್ದು ಮಾತ್ರ ನೆನಪಿದೆ

ಹೆಸರು, ಊರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಸುಮಿತ್ರಕ್ಕ ಎನ್ನೋಣ. ವಯಸ್ಸು 41, ಕುಂಬಳೆ ಕಡೆಯವರು, ಮನೆ ಹೈವೇ ಬದಿಯಲ್ಲಿ. ನಮ್ಮ ಕಾಸರಗೋಡಿನಲ್ಲಿ ಕಾಯಿಲೆ ಸ್ವಲ್ಪ ಜೋರಾದರೆ ಆಂಬುಲೆನ್ಸ್ ಮಂಗಳೂರಿಗೇ ಓಡುವುದು. ಆ ಸೈರನ್ ಎಲ್ಲ ಇವರ ಅಂಗಳದ ಎದುರೇ ಹಾದುಹೋಗುತ್ತದೆ.

ಎಂಟು ತಿಂಗಳ ಹಿಂದೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಎದೆ ಡವಡವ ಹೊಡೆದುಕೊಂಡಿತು. ಬೆವರು, ಕೈ ಜುಮ್ಮೆಂದಿತು, ಸತ್ತೇಹೋಗುತ್ತೇನೆ ಅನ್ನಿಸಿತು. ಆಮೇಲೆ ಮೂರು ಸಲ ಹಾಗೇ ಆಯಿತು. ಹೃದಯ, ಥೈರಾಯ್ಡ್, ರಕ್ತ ಎಲ್ಲ ಸರಿ. ಪ್ಯಾನಿಕ್ ಡಿಸಾರ್ಡರ್ (ಇದ್ದಕ್ಕಿದ್ದಂತೆ ಜೋರು ಭಯ ಮತ್ತೆ ಮತ್ತೆ ಬಂದೆರಗುವ ಕಾಯಿಲೆ) ಎಂದು ಮನೋವೈದ್ಯರು ಗುರುತಿಸಿ, ಮಾತ್ರೆ ಶುರುಮಾಡಿ, ಮಾತಿನ ಚಿಕಿತ್ಸೆಗೆ ನನ್ನ ಹತ್ತಿರ ಕಳಿಸಿದರು.

ಬಂದವರ ದೂರು ಮಾತ್ರ ಬೇರೆಯೇ. “ನಂಗೆ ಮರೆವು ಜಾಸ್ತಿ ಆಗಿದೆ ಟೀಚರ್. ಗ್ಯಾಸ್ ಬುಕ್ ಮಾಡಿದ್ದೇ ಮರೆತುಹೋಗ್ತದೆ. ಡಾಕ್ಟರ್ ಹೇಳಿದ್ದು ಮಾತ್ರ ಮರೆಯುವುದಿಲ್ಲ.” (ನಾನು ಮೊದಲು ಶಾಲೆಯಲ್ಲಿದ್ದವಳು. ಊರಿನವರಿಗೆ ಈಗಲೂ ಟೀಚರೇ.)

ಏನು ಹೇಳಿದರು ಡಾಕ್ಟರು? ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಕಾಗದ ಕೊಟ್ಟೆ. ಹೃದಯದ ಡಾಕ್ಟರು ಹೇಳಿದ್ದನ್ನೆಲ್ಲ ಬರೆಯಿರಿ, ಒಬ್ಬರದನ್ನೊಬ್ಬರು ನೋಡಬೇಡಿ ಅಂದೆ. ಗಂಡ ಐದು ಸಾಲು ಬರೆದರು: ಇಸಿಜಿ ಸರಿ ಇದೆ. ಎಕೋ ಸರಿ ಇದೆ. ಬಿಪಿ 138, ಸ್ವಲ್ಪ ಮೇಲೆ. ನಡೆಯಬಹುದು, ಮೆಟ್ಟಿಲು ಹತ್ತಬಹುದು. ಮೂರು ತಿಂಗಳು ಬಿಟ್ಟು ನೋಕ್ಕಾಂ.

ಸುಮಿತ್ರಕ್ಕ ಬರೆದದ್ದು ಎರಡೇ. ಬಿಪಿ 138. ನೋಕ್ಕಾಂ.

ಮಲಯಾಳಂನ ‘ನೋಕ್ಕಾಂ’ ಅಂದರೆ ‘ನೋಡುವಾ’ ಅಷ್ಟೇ. ತೆಂಗಿನಕಾಯಿ ವ್ಯಾಪಾರಿಯೂ ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು. ಇವರ ಮನಸ್ಸಿನಲ್ಲಿ ಅದು ‘ಏನೋ ಇದೆ, ಈಗ ಹೇಳುವುದಿಲ್ಲ’ ಎಂದು ಕೂತುಬಿಟ್ಟಿತ್ತು.

ಮುಂದಿನ ವಾರ ಇನ್ನೊಂದು ಮಾಡಿದೆ. ಗಂಡ ಬರೆದ ಐದು ಮಾತುಗಳ ನಡುವೆ ಡಾಕ್ಟರು ಹೇಳದ ಎರಡನ್ನು ಸೇರಿಸಿ ಓದಿದೆ. “ಇದು ಹೇಳಿದ್ರಾ?” ಸುಮಿತ್ರಕ್ಕ ಒಂದೂ ತಪ್ಪಲಿಲ್ಲ. “ಎಕೋ ಸರಿ ಇದೆ ಅಂದ್ರು, ಹೌದು. ಉಪ್ಪು ಬಿಡಿ ಅಂತ? ಇಲ್ಲ, ಅದು ಹೇಳ್ಲಿಲ್ಲ.” ಹೇಳಿ ಮುಗಿಸಿ ತಾವೇ ನನ್ನ ಮುಖ ನೋಡಿದರು.

ಅಲ್ಲೇ ಇರುವುದು ವಿಷಯ. ಒಳ್ಳೆಯ ಮಾತು ಅಳಿಸಿಹೋಗಿರಲಿಲ್ಲ. ಕರೆದರೆ ಬರುತ್ತಿತ್ತು, ತಾನಾಗಿ ಬರುತ್ತಿರಲಿಲ್ಲ. 2008ರಲ್ಲಿ ಕ್ರಿಸ್ಟಿನ್ ಮಿಟ್ಟೆ ಎಂಬ ಜರ್ಮನ್ ಸಂಶೋಧಕಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದೂ ಇಂಥದ್ದೇ: ಆತಂಕ ಜಾಸ್ತಿ ಇರುವವರು ತಾವಾಗಿ ನೆನಪಿಸಿಕೊಳ್ಳುವಾಗ ಬೆದರಿಕೆಯ ಕಡೆಗೆ ವಾಲುತ್ತಾರೆ, ತೋರಿಸಿ ಗುರುತಿಸಲು ಹೇಳಿದರೆ ಆ ವಾಲು ಕಾಣುವುದಿಲ್ಲ. ಎಲ್ಲ ಆತಂಕವೂ ಒಂದೇ ತರ ಅಲ್ಲ. ನೆನಪಿನ ಈ ಪಕ್ಷಪಾತ ಪ್ಯಾನಿಕ್‌ನಲ್ಲಿ ಸ್ಪಷ್ಟವಾಗಿ ಸಿಕ್ಕಷ್ಟು, ಸದಾ ಎಲ್ಲದಕ್ಕೂ ಚಿಂತಿಸುವವರಲ್ಲಿ ಸಿಕ್ಕಿಲ್ಲ.

ಗ್ಯಾಸ್ ಮರೆತದ್ದಕ್ಕೂ ಹೆದರಬೇಕಿರಲಿಲ್ಲ. ತಲೆಯ ಅರ್ಧ ಭಾಗ ಎದೆಬಡಿತ ಎಣಿಸುತ್ತಿದ್ದರೆ ಗ್ಯಾಸಿಗೆ ಜಾಗ ಎಲ್ಲಿ?

ನಾನು ಹೇಳಿದ್ದು ಇಷ್ಟು. ಡಾಕ್ಟರ ಕೋಣೆಯಿಂದ ಹೊರಗೆ ಬಂದ ಕೂಡಲೇ, ಬಸ್ ಹತ್ತುವ ಮೊದಲೇ, ಕೇಳಿದ್ದನ್ನು ಪೂರ್ತಿ ಬರೆಯಬೇಕು. ಸಂಶಯ ಇದ್ದರೆ ಆಗಲೇ ತಿರುಗಿ ಹೋಗಿ ಕೇಳಬೇಕು. ರಾತ್ರಿ ಎರಡು ಗಂಟೆಗೆ “ನೋಕ್ಕಾಂ ಅಂದದ್ದು ಯಾಕೆ?” ಎಂದು ಗಂಡನನ್ನು ಎಬ್ಬಿಸಬಾರದು. ಗಂಡನಿಗೂ ಹೇಳಿದೆ, “ಏನಿಲ್ಲ ಮಾರಾಯ್ತಿ” ಎಂದು ಹತ್ತು ಸಲ ಸಮಾಧಾನ ಮಾಡಬೇಡಿ, “ಕಾಗದ ನೋಡು” ಅನ್ನಿ ಸಾಕು. ಸಮಾಧಾನ ಹತ್ತು ನಿಮಿಷ ನಿಲ್ಲುತ್ತದೆ, ಪ್ರಶ್ನೆ ಮಾತ್ರ ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾಗುತ್ತದೆ.

ಸೈರನ್ ಕೇಳಿದರೂ ಹೆದರಿಕೆ, ಅದಕ್ಕೆ ಒಂದು ಪುಸ್ತಕ. “ದಿನಕ್ಕೆ ಹತ್ತು ಹೋಗ್ತದೆ” ಅಂದಿದ್ದರು. ಒಂದು ವಾರ ಗೆರೆ ಎಳೆದು ಲೆಕ್ಕ ಇಡಿ ಅಂದೆ. ಅತಿ ಹೆಚ್ಚು ಅಂದರೆ ನಾಲ್ಕು, ಒಂದು ದಿನ ಒಂದೂ ಇಲ್ಲ. ಲೆಕ್ಕ ಮುಗಿದ ಮೇಲೆ ಪುಸ್ತಕ ವಾಪಸ್ ತೆಗೆದುಕೊಂಡೆ, ಇಲ್ಲದಿದ್ದರೆ ಎಣಿಸುವುದೇ ಇನ್ನೊಂದು ರೋಗ.

ಕಷ್ಟದ ಕೆಲಸ ಕೊನೆಗಿಟ್ಟಿದ್ದೆ. ಹೃದಯದ ಡಾಕ್ಟರು ಆಗಬಹುದು ಅಂದದ್ದರಿಂದ, ಬೇಕೆಂದೇ ಮೆಟ್ಟಿಲು ಹತ್ತಿ ಇಳಿದು ಎದೆ ಬಡಿಸಿಕೊಳ್ಳುವುದು. ‘ಏನಾಗುತ್ತದೆ’ ಎಂದು ಮೊದಲು ಬರೆಯುವುದು, ‘ಏನಾಯಿತು’ ಎಂದು ಆಮೇಲೆ. ಮೊದಲ ದಿನ “ಬೀಳುತ್ತೇನೆ” ಎಂದು ಬರೆದರು. ಪಕ್ಕದಲ್ಲಿ “ಬಾಯಾರಿಕೆ ಆಯ್ತು”.

ಇಂಥ ತೊಂದರೆ ಇರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಎದೆನೋವು ಬಂದರೆ ಮಾತ್ರ ಅದು ಆತಂಕ ಎಂದು ನೀವೇ ತೀರ್ಮಾನಿಸಬೇಡಿ, ಆಸ್ಪತ್ರೆಗೆ ಹೋಗಿ.

ಸೈರನ್ ಕೇಳಿದರೆ ಸುಮಿತ್ರಕ್ಕನ ಕೈ ಈಗಲೂ ಸೌಟಿನ ಮೇಲೆ ಒಂದು ಕ್ಷಣ ನಿಲ್ಲುತ್ತದಂತೆ. ಕಳೆದ ತಿಂಗಳು ಮತ್ತೆ ತಪಾಸಣೆಗೆ ಹೋಗಿಬಂದರು. ಕಾಗದ ಮಡಚಿಟ್ಟು ಬಾಯಲ್ಲೇ ಹೇಳಿ ಅಂದೆ. ನಾಲ್ಕು ಮಾತು ಹೇಳಿದರು. “ಬಿಪಿ ಎಷ್ಟಿತ್ತು... ಅಯ್ಯೋ, ಮರೆತೇಹೋಯ್ತಲ್ಲ!” ಗಂಡ ನೆನಪಿಸಲು ಬಾಯಿ ತೆರೆದರು. ನಾನು ಕೈಸನ್ನೆ ಮಾಡಿ ತಡೆದೆ.