ಟಿಂಪನಿ ನುಡಿಸಿಕೊಂಡು ಜೀವನ ಸಾಗಿಸಲು ಆಗುತ್ತದೆಯೇ?

ಮೃದಂಗ ಕಲಿತ ನಿಮ್ಮ 17 ವರ್ಷದ ಮಗ ಪಾಶ್ಚಾತ್ಯ ವಾದ್ಯವೃಂದದಲ್ಲಿ ಟಿಂಪನಿ (ಶ್ರುತಿ ಕೂಡಿಸಬಲ್ಲ ದೊಡ್ಡ ತಾಮ್ರದ ಭೇರಿಗಳು) ನುಡಿಸುವುದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾನೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ನಾನು ಜರ್ಮನಿಯ ಒಂದು ನಗರದ ವಾದ್ಯವೃಂದದಲ್ಲಿ 11 ವರ್ಷಗಳಿಂದ ಅದೇ ಕೆಲಸದಲ್ಲಿದ್ದೇನೆ. ನಾನೂ ಮೃದಂಗದಿಂದಲೇ ಬಂದವನು. ಕೆಲಸ ಸಿಕ್ಕ ಮೇಲೆ ಸಂಬಳದ ಚಿಂತೆಯಿಲ್ಲ. ಕಷ್ಟವೆಲ್ಲ ಆ ಕುರ್ಚಿ ಸಿಗುವುದರಲ್ಲಿದೆ.

ಪಿಟೀಲಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬೇಕು. ಟಿಂಪನಿಗೆ ಒಬ್ಬರು ಸಾಕು, ದೊಡ್ಡ ಒಪೆರಾ ಮನೆಗಳಲ್ಲಿ ಸರದಿಗೆ ಇಬ್ಬರು. ಸರ್ಕಾರದ ಹಣದಿಂದ ನಡೆಯುವ ವಾದ್ಯವೃಂದಗಳು ಜರ್ಮನಿಯಲ್ಲಿ ಸುಮಾರು 130 ಇವೆ. ಕುಳಿತವರು ಬೇಗ ಏಳುವುದೂ ಇಲ್ಲ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಲ್ಲಿ ಸಾಲ್ ಗುಡ್‌ಮನ್ 1926ರಿಂದ 1972ರವರೆಗೆ ಇದ್ದರು. ಬಾಸ್ಟನ್‌ನಲ್ಲಿ ವಿಕ್ ಫರ್ತ್ 1956ರಿಂದ 2002ರವರೆಗೆ ಮುಖ್ಯ ಟಿಂಪನಿ ವಾದಕರಾಗಿದ್ದರು. ಇಬ್ಬರದೂ 46 ವರ್ಷ! ಆ ಎರಡು ಕುರ್ಚಿಗಳಿಗಾಗಿ ಕಾದ ಎಷ್ಟು ಜನರ ಪ್ರಾಯ ಕಳೆದುಹೋಗಿರಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಈ ಕೆಲಸದ ಮುಕ್ಕಾಲು ಪಾಲು ಕಿವಿಯದು. ಎದುರಿಗೆ ಸಾಮಾನ್ಯವಾಗಿ ನಾಲ್ಕು ತಾಮ್ರದ ಭೇರಿಗಳಿರುತ್ತವೆ, ಪ್ರತಿಯೊಂದಕ್ಕೂ ಒಂದು ಪೆಡಲ್. ಒತ್ತಿದರೆ ಹೊದಿಕೆ ಬಿಗಿದು ಶ್ರುತಿ ಏರುತ್ತದೆ. ಕೃತಿಯ ನಡುವೆ ಸ್ವರ ಬದಲಿಸಬೇಕಾದಾಗ ಸುತ್ತಲೂ ಎಂಬತ್ತು ಜನ ಬೇರೆಯದೇ ಸ್ವರದಲ್ಲಿ ಮೊಳಗುತ್ತಿರುತ್ತಾರೆ. ನಾವು ಬಗ್ಗಿ ಕಿವಿಯನ್ನು ಭೇರಿಯ ಹತ್ತಿರ ತಂದು, ಬೆರಳ ತುದಿಯಿಂದ ಮುಟ್ಟಿ, ಮುಂದೆ ಬರಲಿರುವ ಸ್ವರವನ್ನು ಗಂಟಲೊಳಗೇ ಗುನುಗಿಕೊಂಡು, ಯಾರಿಗೂ ಕೇಳಿಸದಂತೆ ಶ್ರುತಿ ಕೂಡಿಸಬೇಕು. ಅದರ ಜೊತೆಗೆ ಖಾಲಿ ಬಾರ್‌ಗಳ (ನಾವು ನುಡಿಸದೆ ಸುಮ್ಮನಿರಬೇಕಾದ ತಾಳದ ಆವರ್ತಗಳ) ಎಣಿಕೆಯೂ ತಪ್ಪಬಾರದು. ಇಲ್ಲಿ ಅನೇಕರು ಇಂದಿಗೂ ಕರುವಿನ ಚರ್ಮವನ್ನೇ ಬಳಸುತ್ತಾರೆ. ಮಳೆ ಬಂದ ಸಂಜೆ ಅದು ಸಡಿಲವಾಗುತ್ತದೆ, ರಂಗದ ದೀಪಗಳ ಕಾವಿಗೆ ಬಿಗಿಯುತ್ತದೆ. ಮೃದಂಗದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಟಿಂಪನಿಯ ಪೂರ್ವಜ ಅರಬರ ನಕ್ಕಾರ. ನಮ್ಮ ನಗಾರಿಗೆ ಹೆಸರು ಬಂದದ್ದೂ ಅದರಿಂದಲೇ.)

ನನ್ನ ಮೊದಲ ಆಯ್ಕೆ ಪರೀಕ್ಷೆಯನ್ನು ಇನ್ನೂ ಮರೆತಿಲ್ಲ. ಪರದೆಯ ಆಚೆ ವೃಂದದ ಸದಸ್ಯರು, ಈಚೆ ನಾನು. ಕೇಳಿದ್ದು ಬೀಥೋವನ್ನನ ಪಿಟೀಲು ಕಾನ್ಸರ್ಟೊದ (ಒಂಟಿ ಪಿಟೀಲು ಮತ್ತು ವಾದ್ಯವೃಂದಕ್ಕಾಗಿ ಬರೆದ ಕೃತಿ) ಆರಂಭ. 1806ರ ಆ ಕೃತಿ ಟಿಂಪನಿಯ ಐದು ಮೆಲು ಪೆಟ್ಟುಗಳಿಂದಲೇ ತೊಡಗುತ್ತದೆ, ಐದೂ ಒಂದೇ ಡಿ ಸ್ವರ. ಅದಕ್ಕೂ ಮುಂಚೆ ನಿಶ್ಶಬ್ದ, ಆಧಾರಕ್ಕೆ ಏನೂ ಇಲ್ಲ. ಐದನೆಯ ಪೆಟ್ಟಿನೊಂದಿಗೇ ಓಬೋ ಮತ್ತು ಜೊತೆಗಾರ ಊದುವ ವಾದ್ಯಗಳು ಬರುತ್ತವೆ. ನಮ್ಮ ಸ್ವರ ಕೂದಲೆಳೆಯಷ್ಟು ಇಳಿದಿದ್ದರೂ ಅಪಸ್ವರ ಅವರದೆಂದು ಕೇಳಿಸುತ್ತದೆ. ನನ್ನದು ಇಳಿದಿತ್ತು. ಐದನೆಯ ಪೆಟ್ಟಿಗೇ ಆಚೆಯಿಂದ ‘ಧನ್ಯವಾದ’ ಎಂಬ ದನಿ ಬಂತು. ಇಂಥ ಆರು ಪರೀಕ್ಷೆಗಳಲ್ಲಿ ಸೋತು ಏಳನೆಯದರಲ್ಲಿ ಗೆದ್ದೆ. ಗೆದ್ದ ಮೇಲೆ ಒಂದು ವರ್ಷ ಪರೀಕ್ಷಾವಧಿ, ಕೊನೆಗೆ ಸಹವಾದಕರ ಮತದಾನ. ಆ ವರ್ಷ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಅವನು ಈಗಲೇ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಸಂಗೀತ ವಿಶ್ವವಿದ್ಯಾಲಯಕ್ಕೆ ಬರೀ ಟಿಂಪನಿ ಕಲಿತು ಸೇರಲಾಗುವುದಿಲ್ಲ, ಸ್ನೇರ್ ಡ್ರಮ್ ಮತ್ತು ಮರಿಂಬಾ (ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಕೂಡ ಬರಬೇಕು. ಜರ್ಮನಿಯಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ, ಆದರೆ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1500 ಯೂರೊ. ಜರ್ಮನರು ದೊಡ್ಡ ಭೇರಿಯನ್ನು ಬಲಕ್ಕೆ ಇಡುತ್ತಾರೆ, ಅಮೆರಿಕದವರು ಎಡಕ್ಕೆ. ವಿಡಿಯೊ ನೋಡಿ ಕಲಿಯುತ್ತಿದ್ದರೆ ಯಾವ ಪದ್ಧತಿ ಎಂದು ಮೊದಲೇ ನಿರ್ಧರಿಸಲಿ. ಕೈಗೆ ಕೂತದ್ದನ್ನು ಮರೆಸುವುದು ಬಹಳ ಕಷ್ಟ. ಭಾರತದಲ್ಲೇ ಉಳಿಯಬೇಕೆಂದರೆ ಹೆಚ್ಚುಕಡಿಮೆ ಒಂದೇ ದಾರಿ, 2006ರಲ್ಲಿ ಮುಂಬೈಯಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ.

ಹೂಂ ಎನ್ನುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ತಂಬೂರಿಯನ್ನು ಒಂದು ಶ್ರುತಿಯಲ್ಲಿ ಹಾಕಿಟ್ಟು, ಅದು ಮೊಳಗುತ್ತಿರುವಾಗಲೇ ಮೃದಂಗವನ್ನು ಅರ್ಧ ಮನೆ (ಅರ್ಧ ಸ್ವರ) ಮೇಲಿನ ಶ್ರುತಿಗೆ ಕೂಡಿಸಲು ಹೇಳಿ. ಮೊದಲ ವಾರ ಆಗುವುದಿಲ್ಲ. ಎರಡನೆಯ ವಾರವೂ ಅವನು ತಾನಾಗಿಯೇ ಕುಳಿತು ಯತ್ನಿಸುತ್ತಿದ್ದರೆ ಇಲ್ಲಿ ಬರೆದು ತಿಳಿಸಿ, ಯಾವ ಅಭ್ಯಾಸದಿಂದ ಶುರು ಮಾಡಬೇಕೆಂದು ಹೇಳುತ್ತೇನೆ.