ಲಿಥಿಯಂ ತಗೊಂಡರೆ ಚಿತ್ರ ಬರೆಯುವ ಕೈ ಹೋಗುತ್ತಾ?

ಬೈಪೋಲಾರ್‌ಗೆ, ಅಂದರೆ ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆಗೆ, ಕೊಡುವ ಲಿಥಿಯಂ ಔಷಧಿ ಶುರು ಮಾಡಿದರೆ ಚಿತ್ರ ಬರೆಯುವ ಹುಮ್ಮಸ್ಸೇ ಹೋಗಿಬಿಡುತ್ತಾ ಅಂತ ಕೇಳಿದ್ದೀರಿ. ನನಗೂ ಬೈಪೋಲಾರ್ ಇದೆ, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ, ಕಥೆ ಬರೆಯುತ್ತೇನೆ, ಇದೇ ಭಯ ನನಗೂ ಇತ್ತು. ಉನ್ಮಾದದ ದಿನಗಳಲ್ಲಿ ರಾತ್ರಿಯಿಡೀ ನಿದ್ದೆಯಿಲ್ಲದೆ ನಲವತ್ತು ಪುಟ ಬರೆಯುತ್ತಿದ್ದೆ, ಆಮೇಲೆ ನೋಡಿದರೆ ಉಳಿಸಿಕೊಳ್ಳುವಂಥದ್ದು ಎರಡೇ ಪುಟ, ಅದರ ಹಿಂದೆಯೇ ಹಾಸಿಗೆ ಬಿಟ್ಟೇಳದ ತಿಂಗಳುಗಳು. ಈಗ ದಿನಕ್ಕೆ ಒಂದೇ ಪುಟ. ಆದರೆ ಕಥೆ ಮುಗಿಯುತ್ತದೆ.

1979ರಲ್ಲಿ ಡೆನ್ಮಾರ್ಕಿನ ವೈದ್ಯ ಮೊಗೆನ್ಸ್ ಶೌ ಲಿಥಿಯಂ ತಗೊಳ್ಳುತ್ತಿದ್ದ 24 ಕಲಾವಿದರನ್ನು ಇದನ್ನೇ ಕೇಳಿದ್ದರು: 12 ಜನ ಕೆಲಸ ಜಾಸ್ತಿಯಾಯಿತು ಅಂದರು, 6 ಜನ ಮೊದಲಿನಷ್ಟೇ, 6 ಜನ ಕಡಿಮೆ. ಅಂದರೆ ನಿಮ್ಮ ಭಯ ಸುಳ್ಳಲ್ಲ. ಮಂಕು ಅನ್ನಿಸಿದರೆ ಡಾಕ್ಟರಿಗೆ ಹೇಳಿ, ಡೋಸ್ ನೋಡುತ್ತಾರೆ, ನೀವೇ ನಿಲ್ಲಿಸಬೇಡಿ. ಮತ್ತೆ ಮುಂಬೈ ಸೆಕೆಯಲ್ಲಿ ನೀರು ಚೆನ್ನಾಗಿ ಕುಡಿಯಿರಿ, ಬೆವರಿ ಬತ್ತಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ.