ಬೀಗ ಗಟ್ಟಿ, ಜಿಪ್ ಟೊಳ್ಳು

ಬದಿಯಡ್ಕದ ನಿವೃತ್ತ ಅಧ್ಯಾಪಿಕೆಯೊಬ್ಬರ ಪತ್ರ: “ಮಂಗಳೂರಿನಿಂದ ದುಬೈಗೆ, ಮಗನ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ರೋಮ್, ಪ್ಯಾರಿಸ್ ನೋಡಿ ಪುನಃ ದುಬೈಗೆ ಬರುವ ಯೋಚನೆ. ಸೂಟ್‌ಕೇಸಿಗೆ ಒಳ್ಳೆಯ ಬೀಗ, ಸೊಂಟಕ್ಕೆ ದುಡ್ಡಿನ ಬೆಲ್ಟ್ ತೆಗೆದುಕೊಂಡಿದ್ದೇವೆ. ಸಾಕಲ್ಲವೇ?”

ಸಾಲದು, ಟೀಚರೇ. ಬೀಗ ಮುರಿಯುವ ಕಷ್ಟ ಯಾರಿಗೂ ಬೇಡ. ನೈಲಾನ್ ಜಿಪ್ಪಿನ ನಡುವೆ ಬಾಲ್‌ಪೆನ್ನಿನ ಮೊನೆ ಒತ್ತಿದರೆ ಅದು ಬಾಯಿ ಬಿಡುತ್ತದೆ. ಆಮೇಲೆ ಬೀಗ ಸಮೇತ ರನ್ನರನ್ನು ಒಮ್ಮೆ ಆಚೀಚೆ ಎಳೆದರೆ ಮೊದಲಿನಂತೆ ಮುಚ್ಚಿಕೊಳ್ಳುತ್ತದೆ. ಮನೆಗೆ ಬಂದು ತೆರೆಯುವವರೆಗೆ ನಿಮಗೆ ಸುಳಿವೇ ಸಿಗದು. ಜಿಪ್ ಇಲ್ಲದ, ಕೊಕ್ಕೆಯ ಗಟ್ಟಿ ಪೆಟ್ಟಿಗೆ ವಾಸಿ. ಚಿನ್ನ, ಔಷಧಿ, ಕಾಗದಪತ್ರ ಯಾವ ಪೆಟ್ಟಿಗೆಯಲ್ಲೂ ಬೇಡ, ಕೈಚೀಲದಲ್ಲಿರಲಿ. ಪೆಟ್ಟಿಗೆ ಒಡೆದಿದ್ದರೆ ನಿಲ್ದಾಣದಿಂದ ಹೊರಬೀಳುವ ಮೊದಲೇ ವಿಮಾನ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ. ಹಾನಿಗೆ ಲಿಖಿತ ದೂರು ಕೊಡಲು 7 ದಿನ, ತಡವಾಗಿ ಕೈಸೇರಿದ್ದಕ್ಕೆ 21 ದಿನ ಮಾತ್ರ. ತುಂಬಿದ ಪೆಟ್ಟಿಗೆಯ ಒಂದು ಫೋಟೋ ಆಗ ನೂರು ಮಾತಿಗಿಂತ ಹೆಚ್ಚು. ಹೆಚ್ಚು ಚಿನ್ನ ಒಯ್ಯುವುದಾದರೆ ಹೊರಡುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿ. ಇಲ್ಲವಾದರೆ ಮರಳುವಾಗ ನಿಮ್ಮದೇ ಬಳೆಗೆ ಸುಂಕದ ಪ್ರಶ್ನೆ ಏಳುತ್ತದೆ.

ಕಳ್ಳರಿಗಿಂತ ಹೆಚ್ಚು ಹೆದರಬೇಕಾದ್ದು ನೆರೆಮನೆಯ ಪೊಟ್ಟಣಕ್ಕೆ. “ನಮ್ಮ ಹುಡುಗನಿಗೆ ಇಷ್ಟು ತಲುಪಿಸಿ” ಎಂದು ತರುವವರು ನಮ್ಮ ಊರುಗಳಲ್ಲಿ ಇಲ್ಲದಿಲ್ಲ. ಅಂಟಿಸಿ ತಂದದ್ದನ್ನು ಹಾಗೆಯೇ ತೆಗೆದುಕೊಳ್ಳಬೇಡಿ. ಬಿಚ್ಚಿ, ನೋಡಿ, ನೀವೇ ಕಟ್ಟಿ. ಬೇಜಾರಾದರೆ ಆಗಲಿ, ಪೆಟ್ಟಿಗೆಯ ಚೀಟಿ ಇರುವುದು ನಿಮ್ಮ ಹೆಸರಿನಲ್ಲಿ. ಗಸಗಸೆ ಯುಎಇಯಲ್ಲಿ ಮಾದಕವಸ್ತುವಿನ ಲೆಕ್ಕ. ಮಸಾಲೆ ಪುಡಿಯೊಳಗೆ ಇದ್ದರೂ ಬೇಡ. ವೀಳ್ಯದೆಲೆಯೂ ಬೇಡ. ಟ್ರಮಡಾಲ್ ಎಂಬ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್‌ಗೆ ಅಲ್ಲಿನ ಸರ್ಕಾರದ ಅನುಮತಿ ಮೊದಲೇ ಬೇಕು. ಕೊಬ್ಬರಿಯನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ: ಎಣ್ಣೆಯಂಶದಿಂದ ಬೇಗ ಹೊತ್ತಿಕೊಳ್ಳುತ್ತದೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಮಿಡಿ ಉಪ್ಪಿನಕಾಯಿ ಇದಕ್ಕೆ ತದ್ವಿರುದ್ಧ, ಲಗೇಜಿಗೆ.

ರೋಮ್‌ನಲ್ಲಿ ಟೆರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು ಜೇಬುಗಳ್ಳರಿಗೆ ಹೆಸರುವಾಸಿ. ಮೆಟ್ರೊದಲ್ಲಿ ಬಾಗಿಲ ಪಕ್ಕ ನಿಂತು ಫೋನ್ ನೋಡಬೇಡಿ. ಬಾಗಿಲು ಮುಚ್ಚುವ ಕ್ಷಣದಲ್ಲೇ ಕಸಿದು ಇಳಿಯುತ್ತಾರೆ. ಪ್ಯಾರಿಸ್‌ನಲ್ಲಿ ಸಹಿ ಕೇಳುವ ಹುಡುಗಿಯರು, ಕೈಗೆ ದಾರ ಕಟ್ಟಲು ಬರುವವರು ಕಂಡರೆ ನಿಲ್ಲದೆ ನಡೆಯಿರಿ. ಸಮವಸ್ತ್ರವಿಲ್ಲದ “ಪೊಲೀಸ್” ಪರ್ಸ್ ಕೇಳಿದರೆ, ಠಾಣೆಗೇ ಬರುತ್ತೇನೆ ಎನ್ನಿ.

ಬೆಲ್ಟ್ ಕಟ್ಟಿಕೊಳ್ಳಿ, ಆದರೆ ದಾರಿಯಲ್ಲಿ ಅದರಿಂದ ದುಡ್ಡು ತೆಗೆಯಬೇಡಿ. ತೆಗೆದ ಕೂಡಲೇ ಅದು ಬೆಲ್ಟ್ ಅಲ್ಲ, ‘ದುಡ್ಡು ಇಲ್ಲಿದೆ’ ಎಂಬ ಬೋರ್ಡು! ದಿನದ ಖರ್ಚಿನ ಐವತ್ತು ಯೂರೋ ಬೇರೆ ಇರಲಿ. ಕಾರ್ಡುಗಳನ್ನು ಇಬ್ಬರೂ ಹಂಚಿಕೊಳ್ಳಿ. ವಿದೇಶದ ಬಳಕೆಯನ್ನು ಊರಿನಲ್ಲೇ ತೆರೆಸಿ. ಬ್ಯಾಂಕಿನ 1800 ನಂಬರು ಹೊರದೇಶದಿಂದ ಸಾಮಾನ್ಯವಾಗಿ ಸಿಗದು, +91ರದ್ದನ್ನು ಕಾಗದದಲ್ಲಿ ಬರೆದಿಡಿ.

ಹೆಚ್ಚಿನವರು ಮರೆಯುವುದು ಸಿಮ್. ಕದ್ದ ಫೋನಿಗೆ ಎಷ್ಟು ಲಾಕ್ ಇದ್ದರೇನು, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅವರಿಗೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಪಿನ್ ಇಡಿ, ಆ ಗುಟ್ಟಿನ ಸಂಖ್ಯೆ ಒತ್ತದೆ ಸಿಮ್ ಬೇರೆ ಫೋನಿನಲ್ಲಿ ನಡೆಯದು. ಕಂಪನಿ ಕೊಟ್ಟ ಮೊದಲ ಪಿನ್ ಕೇಳಿ ತಿಳಿದೇ ಶುರುಮಾಡಿ. 3 ಸಲ ತಪ್ಪಿದರೆ ಸಿಮ್‌ನ ಲಾಕ್ ಬಿಡಿಸುವ ಪಿಯುಕೆ ಸಂಖ್ಯೆ ಬೇಕಾಗುತ್ತದೆ.

ಇನ್ನು ಪಾಸ್‌ಪೋರ್ಟ್. ಅದರ ಮತ್ತು ವೀಸಾ ಪುಟದ ಜೆರಾಕ್ಸ್ ಪೆಟ್ಟಿಗೆಯಲ್ಲಿ, ಇನ್ನೊಂದು ಪ್ರತಿ ಮಗನ ಬಳಿ ಇರಲಿ. ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಭಾರತೀಯ ರಾಯಭಾರ ಕಚೇರಿ. ಅಲ್ಲಿ ಸಿಗುವ ತುರ್ತು ಪ್ರಮಾಣಪತ್ರ ಭಾರತಕ್ಕೆ ಮರಳುವ ಒಂದು ಪಯಣಕ್ಕೆ ಮಾತ್ರ. ಅದನ್ನು ಹಿಡಿದು ದುಬೈಯಲ್ಲಿ ಇಳಿದು ಮಗನ ಮನೆಗೆ ಹೋಗಲಾಗದು. ಅದಕ್ಕೆ ಹೊಸ ಪಾಸ್‌ಪೋರ್ಟೇ ಬೇಕು, ವೀಸಾ ವಿಚಾರವನ್ನೂ ಮತ್ತೆ ನೋಡಬೇಕು. ಹಾಗಾಗಿ ನಿಮ್ಮಿಬ್ಬರ ಪಾಸ್‌ಪೋರ್ಟುಗಳನ್ನು ಒಂದೇ ಚೀಲದಲ್ಲಿ ಇಡಬೇಡಿ.